ಚೆನ್ನಾಗಿ ಉರಿಯುತ್ತಿದೆಯಲ್ಲ ಎಂಬ ಮಾತು

(ಸಿಡ್ನಿಯ ಕನ್ನಡಿಗರ ಕೂಟವೊಂದರಲ್ಲಿ, ಈಸ್ಟರ್ ರಜೆಯ ಶಿಬಿರಕ್ಕೆ ಮೊದಲು ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಮುಂದಿನ ವಾರ ನಾವೆಲ್ಲ ಡೇರೆ ಹೊತ್ತು ಹೊರಡಲಿದ್ದೇವೆ. ಮೂರು ರಾತ್ರಿಯ ಅಡುಗೆಯ ಪಟ್ಟಿ ಆಗಲೇ ಸಿದ್ಧವಾಗಿದೆ. ಯಾರ ಮನೆಯ ಚಿತ್ರಾನ್ನ, ಯಾರ ಮನೆಯ ಹುಳಿ ಎಂಬುದೂ ತೀರ್ಮಾನವಾಗಿದೆ. ಒಲೆಗಳ ಲೆಕ್ಕ ಹಾಕುವಾಗ ಒಂದು ಸಂಗತಿ ಎದ್ದು ಕಂಡಿತು. ಹನ್ನೊಂದು ಮನೆಗಳಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮಡಚಿಡುವ ಬ್ಯುಟೇನ್ ಒಲೆ ಇದೆ. ಅದು ಯಾವ ವರ್ಷದ್ದು ಎಂದು ಕೇಳಿದರೆ ಹೆಚ್ಚಿನವರು ಕೊಟ್ಟ ಉತ್ತರ ಒಂದೇ: "ಹಳೆಯದು, ಆದರೆ ಚೆನ್ನಾಗಿ ಉರಿಯುತ್ತಿದೆಯಲ್ಲ." ಈ ಉತ್ತರದ ಬಗ್ಗೆಯೇ ಇವತ್ತು ಮಾತನಾಡಬೇಕೆಂದು ಬಂದಿದ್ದೇನೆ.

ಈ ಒಲೆಗೆ ಆಸ್ಟ್ರೇಲಿಯಾದಲ್ಲಿ ಲಂಚ್‌ಬಾಕ್ಸ್ ಒಲೆ ಎಂಬ ಹೆಸರಿದೆ. ಒಂದು ಬದಿಗೆ ಬರ್ನರ್, ಇನ್ನೊಂದು ಬದಿಗೆ ಮುಚ್ಚಳ ತೆರೆದು ಅಡ್ಡಲಾಗಿ ಮಲಗಿಸುವ ಗ್ಯಾಸ್ ಡಬ್ಬಿ. ಇದರ ತವರು ಜಪಾನ್. ಇವಾತಾನಿ ಎಂಬ ಕಂಪನಿ 1969ರಲ್ಲಿ ರಬ್ಬರ್ ಕೊಳವೆಯ ಹಂಗಿಲ್ಲದೆ ಊಟದ ಮೇಜಿನ ಮೇಲೆಯೇ ಉರಿಯುವ ಒಲೆಯನ್ನು ಮಾರುಕಟ್ಟೆಗೆ ತಂದಿತು. ನಡುವೆ ಪಾತ್ರೆ ಇಟ್ಟು, ಸುತ್ತ ಕುಳಿತು, ಬೇಯಿಸುತ್ತ ಉಣ್ಣುವುದು ಅಲ್ಲಿನ ಚಳಿಗಾಲದ ಪದ್ಧತಿ. ಆ ಪದ್ಧತಿಗೆ ಹೊಂದಿ ಹುಟ್ಟಿದ ಒಲೆ ಅದು. ಸಣ್ಣ ಪಾತ್ರೆ, ನಡುಮಟ್ಟದ ಉರಿ, ಪಕ್ಕದಲ್ಲೇ ಕುಳಿತ ಜನ. ಇದನ್ನು ನೆನಪಿನಲ್ಲಿಡಿ, ಯಾಕೆಂದರೆ ನಾವು ಅದನ್ನು ಬಳಸುವ ರೀತಿ ಬೇರೆ.

2014ರ ದೀಪಾವಳಿಯ ಹೊತ್ತಿಗೆ ನನ್ನ ಅತ್ತೆಯವರು ಶಿವಮೊಗ್ಗದಿಂದ ಬಂದಿದ್ದರು. ಸಮುದ್ರದ ಪಕ್ಕದ ಒಂದು ಉದ್ಯಾನಕ್ಕೆ ಇಪ್ಪತ್ತೈದು ಮಂದಿ ಹೋಗಿದ್ದೆವು. ಅಷ್ಟೂ ಜನರಿಗೆ ದೋಸೆ ಹೊಯ್ಯಬೇಕು. ಮನೆಯಿಂದ ದೊಡ್ಡ ಕಬ್ಬಿಣದ ಕಾವಲಿಯನ್ನೇ ತಂದಿದ್ದೆವು. ಗಾಳಿ ಜೋರಾಗಿದ್ದರಿಂದ ಎರಡು ಒಲೆಗಳನ್ನು ಒತ್ತೊತ್ತಾಗಿ ಇಟ್ಟು, ಸುತ್ತ ಅಲ್ಯೂಮಿನಿಯಂ ಹಾಳೆ ನಿಲ್ಲಿಸಿದೆವು. ಕಾವಲಿ ಬರ್ನರನ್ನು ಮೀರಿ ಗ್ಯಾಸ್ ಡಬ್ಬಿಯ ಮುಚ್ಚಳದ ಮೇಲೂ ಚಾಚಿಕೊಂಡಿತ್ತು. ಮುಕ್ಕಾಲು ಗಂಟೆ ಎಲ್ಲವೂ ಸೊಗಸಾಗಿ ನಡೆಯಿತು. ಹಿಟ್ಟಿನ ಪಾತ್ರೆ ಬದಲಾಯಿಸಲು ಹೋದ ನನ್ನ ಕೈ ಆ ಮುಚ್ಚಳಕ್ಕೆ ತಗುಲಿತು. ತಕ್ಷಣ ಕೈ ಎಳೆದುಕೊಂಡೆ. ಡಬ್ಬಿಯ ಕಡೆಯ ಲೋಹವೂ ಕಾದ ಹಂಚಿನಂತಾಗಿತ್ತು. "ಎಲ್ಲರೂ ದೂರ ಹೋಗಿ" ಎಂದು ಕೂಗಿ ಎರಡೂ ಗುಬ್ಬಿಗಳನ್ನು ತಿರುಗಿಸಿದೆ. ಅತ್ತೆಯವರ ಕೈಯಲ್ಲಿ ಇನ್ನೂ ಸೌಟು ಇತ್ತು. ಏನೂ ಆಗಲಿಲ್ಲ. ಕೈಗಾರಿಕೆಯಲ್ಲಿ ಒತ್ತಡದ ವಾಲ್ವುಗಳ ಜೊತೆ ಇಪ್ಪತ್ತು ವರ್ಷ ದುಡಿದ ನಾನು, ಡಬ್ಬಿಯ ಮೇಲೆ ಕಾವಲಿ ಚಾಚಿರುವುದನ್ನು ಮುಕ್ಕಾಲು ಗಂಟೆ ನೋಡುತ್ತಲೇ ನಿಂತಿದ್ದೆ. ಆ ದಿನವನ್ನು ನಾನು ಮರೆತಿಲ್ಲ.

ಡಬ್ಬಿಯೊಳಗೆ ಏನಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಲ್ಲಿರುವುದು ಸುಮಾರು 220 ಗ್ರಾಂ ದ್ರವ ಬ್ಯುಟೇನ್. ಅದರ ಕುದಿಬಿಂದು ಸೊನ್ನೆ ಡಿಗ್ರಿಗಿಂತ ಅರ್ಧ ಡಿಗ್ರಿ ಕೆಳಗೆ. ಆದ್ದರಿಂದ ನಮ್ಮ ಕೋಣೆಯಲ್ಲಿ ಅದು ದ್ರವವಾಗಿ ಉಳಿದಿರುವುದು ಡಬ್ಬಿಯ ಒತ್ತಡದ ಬಲದಿಂದ ಮಾತ್ರ. 20 ಡಿಗ್ರಿಯಲ್ಲಿ ಆ ಒತ್ತಡ ವಾತಾವರಣದ ಒತ್ತಡದ ಎರಡು ಪಟ್ಟು. 50 ಡಿಗ್ರಿಗೆ ಐದು ಪಟ್ಟು. 100 ಡಿಗ್ರಿಗೆ, ಅಂದರೆ ನಮ್ಮ ಅನ್ನದ ನೀರು ಕುದಿಯುವ ಬಿಸಿಗೆ, ಸುಮಾರು ಹದಿನೈದು ಪಟ್ಟು. ಜಪಾನಿನ ನಿಯಮದ ಪ್ರಕಾರ ಡಬ್ಬಿ 1.3 ಮೆಗಾಪಾಸ್ಕಲ್ ಒತ್ತಡಕ್ಕೆ ಆಕಾರ ಕೆಡಬಾರದು, 1.5ಕ್ಕೆ ಒಡೆಯಬಾರದು. ಆ 1.5 ಎಂಬುದೂ ವಾತಾವರಣದ ಒತ್ತಡದ ಸುಮಾರು ಹದಿನೈದು ಪಟ್ಟೇ. ತೆಳು ತಗಡಿನ ಡಬ್ಬಿಯ ತಾಳಿಕೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಬೆಂಕಿ ಇರುವುದು ಅದರಿಂದ ಒಂದು ಗೇಣು ದೂರದಲ್ಲಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ದ್ರವ ಆವಿಯಾಗುವಾಗ ಡಬ್ಬಿ ತಣ್ಣಗಾಗುತ್ತದೆ. ಚಳಿಯ ಬೆಳಿಗ್ಗೆ ಉರಿ ಸಣ್ಣದಾಗುವುದು ಇದರಿಂದಲೇ. ಹಾಗಾಗದಿರಲೆಂದು ಅನೇಕ ಒಲೆಗಳಲ್ಲಿ ಬರ್ನರಿನಿಂದ ಡಬ್ಬಿಗೆ ತುಸು ಬಿಸಿ ಒಯ್ಯುವ ಲೋಹದ ಪಟ್ಟಿಯನ್ನು ತಯಾರಕರೇ ಇಟ್ಟಿರುತ್ತಾರೆ. ಅಂದರೆ ಡಬ್ಬಿ ಹದವಾಗಿ ಬೆಚ್ಚಗಾಗುವುದು ಒಲೆಯ ವಿನ್ಯಾಸದಲ್ಲೇ ಇದೆ. ಆ ಹದವನ್ನು ಮೀರಿಸುವವರು ನಾವು: ಅಗಲವಾದ ಕಾವಲಿ, ಜೋಡಿ ಒಲೆ, ಗಾಳಿಗೆ ಅಡ್ಡ ನಿಲ್ಲಿಸಿದ ಹಾಳೆ. ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪೆಟ್ಟಿಗೆಯೊಳಗೆ ಹಿಡಿಸಲೆಂದು ಪಾತ್ರೆ ಇಡುವ ತಟ್ಟೆಯನ್ನು ತಲೆಕೆಳಗಾಗಿ ಮಡಚಿಟ್ಟಿರುತ್ತಾರೆ. ಅದನ್ನು ತಿರುಗಿಸಿ ಸರಿಯಾಗಿ ಕೂರಿಸದೆ ಹೊತ್ತಿಸಿದರೆ ಉರಿ ಮೇಲಕ್ಕೆ ಹೋಗುವ ಬದಲು ತಟ್ಟೆಯ ಕೆಳಗೆ ಹರಡಿ ಡಬ್ಬಿಯ ಕಡೆಗೆ ನುಗ್ಗುತ್ತದೆ.

ಇಂಥ ತಪ್ಪುಗಳು ಆಗಿಯೇ ಆಗುತ್ತವೆ ಎಂದು ತಿಳಿದೇ ಒಲೆಯಲ್ಲಿ ಒಂದು ಕಾವಲುಗಾರನನ್ನು ಇಟ್ಟಿದ್ದಾರೆ. ಡಬ್ಬಿಯ ಒತ್ತಡ ಮಿತಿ ಮೀರಿದರೆ ಅನಿಲದ ದಾರಿಯನ್ನು ತಾನಾಗಿಯೇ ಮುಚ್ಚುವ, ಅಥವಾ ಡಬ್ಬಿಯನ್ನೇ ಜೋಡಣೆಯಿಂದ ಹಿಂದಕ್ಕೆ ತಳ್ಳಿಬಿಡುವ ಒಂದು ಸಣ್ಣ ಭಾಗ. ಉರಿ ಆರಿಹೋಗುತ್ತದೆ, ಅಪಾಯ ಕಳೆಯುತ್ತದೆ. ಅಂದು ಉದ್ಯಾನದಲ್ಲಿ ನನ್ನ ಒಲೆ ಹಾಗೆ ಆರಲಿಲ್ಲ.

ಕೆಲವೇ ತಿಂಗಳಲ್ಲಿ, 2015ರ ಆರಂಭದಲ್ಲಿ, ಆಸ್ಟ್ರೇಲಿಯಾದ ರಾಜ್ಯಗಳ ಅನಿಲ ಸುರಕ್ಷತಾ ಅಧಿಕಾರಿಗಳು ಈ ಬಗೆಯ ಒಲೆಗಳ ಪ್ರಮಾಣಪತ್ರಗಳನ್ನು ಸಾಲುಸಾಲಾಗಿ ಅಮಾನತಿನಲ್ಲಿಟ್ಟರು. ನಮ್ಮ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಮೊದಲಾದ ಕಡೆ ಮಾರಾಟ ನಿಂತಿತು. ಕಾರಣ ಇಷ್ಟೇ: ಡಬ್ಬಿ ವಿಪರೀತ ಕಾದಾಗ ಅನಿಲ ನಿಲ್ಲಿಸಬೇಕಾದ ವಾಲ್ವ್ ಪರೀಕ್ಷೆಯಲ್ಲಿ ಕೆಲಸ ಮಾಡಲಿಲ್ಲ. ಮನೆಯಲ್ಲಿರುವ ಒಲೆಯನ್ನು ಬಳಸಬೇಡಿ, ಕೊಂಡ ಅಂಗಡಿಗೆ ಮರಳಿಸಿ ಹಣ ಪಡೆಯಿರಿ ಎಂಬ ಪ್ರಕಟಣೆ ಹೊರಟಿತು. ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬಣ್ಣದ ಒಲೆಗಳು ಒಂದೇ ದೋಷಕ್ಕೆ ಸಿಕ್ಕಿಬಿದ್ದವು. ಅವೆಲ್ಲ ಪ್ರಮಾಣಪತ್ರ ಪಡೆದವು ಎಂಬುದೇ ನನ್ನನ್ನು ಬಹುವಾಗಿ ಕಾಡಿದ ಸಂಗತಿ. ಕಳ್ಳ ಮಾಲಲ್ಲ, ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಬಿಲ್ಲಿನ ಸಮೇತ ಸಿಗುತ್ತಿದ್ದ ಮಾಲು. ನನ್ನದೂ ಪಟ್ಟಿಯಲ್ಲಿತ್ತು.

ನಿಮ್ಮ ಮನೆಯ ಪ್ರೆಶರ್ ಕುಕ್ಕರನ್ನು ನೆನೆಯಿರಿ. ಸೀಟಿಯನ್ನು ದಿನವೂ ಕೇಳುತ್ತೀರಿ, ಅದು ಕೂಗದಿದ್ದರೆ ಆ ಕ್ಷಣವೇ ಗೊತ್ತಾಗುತ್ತದೆ. ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್ ಹಾಗಲ್ಲ. ಹತ್ತು ವರ್ಷ ಸುಮ್ಮನೆ ಕುಳಿತು, ಒಂದೇ ಒಂದು ದಿನ ಕೆಲಸ ಮಾಡಬೇಕಾದ ಭಾಗ ಅದು. ಆ ಒಂದು ದಿನ ಬರುವ ತನಕ ಒಳ್ಳೆಯ ವಾಲ್ವಿಗೂ ಕೆಟ್ಟ ವಾಲ್ವಿಗೂ ಹೊರಗಿನಿಂದ ವ್ಯತ್ಯಾಸವೇ ಇಲ್ಲ. ಒಲೆಯ ಈ ಭಾಗವೂ ಅಂಥದ್ದು. ಉರಿ ನೀಲಿಯಾಗಿದೆಯೇ ಎಂದು ನೀವು ನೋಡಬಹುದು, ಗುಬ್ಬಿ ಸಡಿಲವಾಗಿದೆಯೇ ಎಂದು ತಿರುಗಿಸಿ ತಿಳಿಯಬಹುದು. ಈ ವಾಲ್ವನ್ನು ಮಾತ್ರ ಮನೆಯಲ್ಲಿ ಪರೀಕ್ಷಿಸುವ ಹಾಗಿಲ್ಲ. ಡಬ್ಬಿಯನ್ನು ಬೇಕೆಂದೇ ಕಾಯಿಸಿ ನೋಡುವ ಕೆಲಸ ಪ್ರಯೋಗಾಲಯದ ಗೋಡೆಗಳ ಒಳಗೆ ಮಾತ್ರ ಆಗಬೇಕಾದದ್ದು. ಆದ್ದರಿಂದಲೇ "ಚೆನ್ನಾಗಿ ಉರಿಯುತ್ತಿದೆಯಲ್ಲ" ಎಂಬ ಮಾತು ಸುರಕ್ಷತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ವಾಪಸ್ ಪಡೆದ ಒಲೆಗಳೂ ಅಂಗಡಿಗೆ ಮರಳಿದ ದಿನ ಚೆನ್ನಾಗಿಯೇ ಉರಿಯುತ್ತಿದ್ದವು.

ನಾನು ಒಲೆಯನ್ನು ಕೊಂಡ ಅಂಗಡಿಗೆ ಒಯ್ದೆ. ಗಲ್ಲೆಯ ಮೇಲಿದ್ದ ಹುಡುಗ ಮಾದರಿಯ ಸಂಖ್ಯೆ ನೋಡಿ ಎರಡು ಮಾತಿಲ್ಲದೆ ಹಣ ಕೊಟ್ಟ. ಅಲ್ಲಿಗೆ ಕತೆ ಮುಗಿಯಲಿಲ್ಲ. ಅದೇ ದಿನ ಕೊಂಡ ಜೋಡಿ ಒಲೆ ಇನ್ನೊಂದಿತ್ತಲ್ಲ. ಅದನ್ನು ಆಗಷ್ಟೇ ಮೈಸೂರಿನಿಂದ ಓದಲು ಬಂದಿದ್ದ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಫೋನು ಮಾಡಿದರೆ, "ಅಂಕಲ್, ಮನೆ ಬದಲಾಯಿಸುವಾಗ ಅದನ್ನು ಮುಂದಿನವರಿಗೆ ಬಿಟ್ಟು ಬಂದೆ" ಎಂದ. ಆ ಮುಂದಿನವರು ರಸ್ತೆಬದಿಯ ಹಳೆಯ ಸಾಮಾನುಗಳ ಗುಡ್ಡೆಯಲ್ಲಿ ಇಟ್ಟರಂತೆ. ಯಾರೋ ಎತ್ತಿಕೊಂಡು ಹೋಗಿದ್ದರು. ನಾವಿಬ್ಬರೂ ಎರಡು ವಾರ ಹುಡುಕಿದೆವು. ಸಿಗಲಿಲ್ಲ. ಸರ್ಕಾರದ ಪ್ರಕಟಣೆ ಬಿಲ್ಲು ಇಟ್ಟುಕೊಂಡವನನ್ನು ಮುಟ್ಟುತ್ತದೆ, ಪತ್ರಿಕೆ ಓದುವವನನ್ನು ಮುಟ್ಟುತ್ತದೆ. ಕೈಯಿಂದ ಕೈಗೆ ದಾಟಿದ ಒಲೆಯ ಹಿಂದೆ ಅದು ಹೋಗುವುದಿಲ್ಲ. ನಮ್ಮಂಥ ವಲಸೆ ಬಂದವರ ಮನೆಗಳಲ್ಲಿ ಅರ್ಧಕ್ಕರ್ಧ ಸಾಮಾನು ಹೀಗೆ ದಾಟಿ ಬಂದದ್ದೇ. ಊರಿಗೆ ಮರಳುವವರು ಬಿಟ್ಟುಹೋದದ್ದನ್ನು ಹೊಸದಾಗಿ ಬಂದವರು ಸಂತೋಷದಿಂದ ಬಳಸುತ್ತಾರೆ. ಅದು ನಮ್ಮ ಒಳ್ಳೆಯ ಗುಣ, ನಾನು ಅದನ್ನು ಪ್ರೀತಿಸುತ್ತೇನೆ. ಗ್ಯಾಸ್ ಒಲೆಯ ವಿಷಯದಲ್ಲಿ ಮಾತ್ರ ಅದನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ನಿಷೇಧವೆಂದರೆ ಸರ್ಕಾರದ ಅತಿರೇಕ, ನಾಲ್ಕು ಜನರ ಅಜಾಗ್ರತೆಗೆ ಎಲ್ಲರ ಒಲೆ ಕಿತ್ತುಕೊಂಡರು ಎಂದು ಆಗ ಸಿಟ್ಟಾದವರು ನಮ್ಮಲ್ಲೂ ಇದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಕೊಳ್ಳುವವನು ಪರೀಕ್ಷಿಸಲಾಗದ್ದನ್ನು ಅವನ ಪರವಾಗಿ ಬೇರೆ ಯಾರಾದರೂ ಪರೀಕ್ಷಿಸಬೇಕು, ಸೋತದ್ದನ್ನು ಮುಲಾಜಿಲ್ಲದೆ ಹೊರಗಿಡಬೇಕು. ಹಾಗೆ ಹೊರಗಿಟ್ಟದ್ದರ ಫಲವೂ ಕಂಡಿತು. ಸುಧಾರಿಸಿದ ಒಲೆಗಳು ಹೊಸದಾಗಿ ಪರೀಕ್ಷೆ ಎದುರಿಸಿ ಮಾರುಕಟ್ಟೆಗೆ ಮರಳಿದವು. ದಕ್ಷಿಣ ಕೊರಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನೆಮನೆಯಲ್ಲೂ ಈ ಒಲೆ ಇರುವ ಆ ದೇಶ, 2023ರಿಂದ ಒಲೆಗೆ ಮಾತ್ರವಲ್ಲ, ಡಬ್ಬಿಗೂ ಸ್ಫೋಟ ತಡೆಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಒತ್ತಡ ಏರಿದಾಗ ಡಬ್ಬಿಯ ಅಂಚಿನಲ್ಲಿ ಸಣ್ಣ ಕಿಂಡಿಗಳು ತೆರೆದು ಅನಿಲ ಹೊರಹೋಗುತ್ತದೆ. ಡಬ್ಬಿ ಸಿಡಿದು ಚೂರಾಗುವುದಿಲ್ಲ. ಒಲೆಯ ವಾಲ್ವ್ ಕೈಕೊಟ್ಟರೂ ಎರಡನೆಯ ಕಾವಲು ಇರಲಿ ಎಂಬ ಯೋಚನೆ ಅದು. ಇದು ನನಗೆ ಬಹಳ ಸರಿ ಕಾಣುತ್ತದೆ.

ಊರಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಬೆಂಗಳೂರಿನಲ್ಲಿರುವ ನಮ್ಮ ತಮ್ಮಂದಿರು, ಮಕ್ಕಳು ಚಾರಣಕ್ಕೆಂದು ಇಂಥ ಒಲೆಗಳನ್ನು ಆನ್‌ಲೈನಿನಲ್ಲಿ ತರಿಸುತ್ತಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಪಾಯಕಾರಿ ಸರಕನ್ನು ಹಿಂಪಡೆಯಲು ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದು ಬರಿಯ ಕಾಗದದ ಮೇಲಿನ ಅಧಿಕಾರವಲ್ಲ. ಐಎಸ್‌ಐ ಗುಣಮಟ್ಟ ಪಾಲಿಸದ ಪ್ರೆಶರ್ ಕುಕ್ಕರುಗಳನ್ನು ತಮ್ಮ ಜಾಲತಾಣದಲ್ಲಿ ಮಾರಲು ಬಿಟ್ಟಿದ್ದಕ್ಕೆ 2022ರಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಬಿತ್ತು. ಅಮೆಜಾನ್ ಮೂಲಕ ಮಾರಾಟವಾದ 2,265 ಕುಕ್ಕರುಗಳನ್ನು, ಫ್ಲಿಪ್‌ಕಾರ್ಟ್ ಮೂಲಕ ಮಾರಾಟವಾದ 598 ಕುಕ್ಕರುಗಳನ್ನು ಕೊಂಡವರಿಗೆ ತಿಳಿಸಿ, ಹಿಂಪಡೆದು, ಹಣ ಮರಳಿಸಬೇಕೆಂದು ಪ್ರಾಧಿಕಾರ ಆದೇಶಿಸಿತು. ಕುಕ್ಕರಿಗೆ ಆದದ್ದು ಒಲೆಗೂ ಆಗಬಹುದು. ದೂರು ಕೊಡುವ ಗ್ರಾಹಕರು ಬೇಕು, ಅಷ್ಟೇ. ಊರಿಗೆ ಹೋಗುವಾಗ ಇಲ್ಲಿಂದ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಳ್ಳುವ ಯೋಚನೆಯನ್ನು ಯಾರೂ ಮಾಡಬೇಡಿ. ವಿಮಾನದಲ್ಲಿ ಅದಕ್ಕೆ ಯಾವ ರೀತಿಯಲ್ಲೂ ಅವಕಾಶವಿಲ್ಲ.

ಇನ್ನು ನಮ್ಮ ಶಿಬಿರ. ಡೇರೆಯ ಒಳಗೆ ಒಲೆ ಬೇಡ, ಮಳೆ ಬಂದರೂ ಬೇಡ. ಒಂದು ಡಬ್ಬಿಯ ದ್ರವ ಆವಿಯಾದರೆ ಸುಮಾರು 90 ಲೀಟರ್ ಅನಿಲ. ಬ್ಯುಟೇನ್ ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟೂ ಇಲ್ಲದಿದ್ದಾಗಲೇ ಹೊತ್ತಿಕೊಳ್ಳಬಲ್ಲದು. ಹಾಗೆ ಲೆಕ್ಕ ಹಾಕಿದರೆ ಒಂದು ಡಬ್ಬಿ ಐದು ಘನ ಮೀಟರ್ ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡಲು ಸಾಕು. ಇಬ್ಬರು ಮಲಗುವ ಡೇರೆಯ ಒಳಜಾಗ ಅಷ್ಟಿರುವುದಿಲ್ಲ. ಅದು ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ಮಕ್ಕಳು ಮಲಗುವ ನೆಲಮಟ್ಟದಲ್ಲೇ ನಿಲ್ಲುತ್ತದೆ. ಸೋರದೆ ಉರಿದರೂ ಮುಚ್ಚಿದ ಡೇರೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ದೋಸೆಯನ್ನು ಈ ಸಲ ಉದ್ಯಾನದ ವಿದ್ಯುತ್ ಬಾರ್ಬೆಕ್ಯೂ ಹಂಚಿನ ಮೇಲೆ ಹೊಯ್ಯೋಣ, ನಾನೇ ಬಂದು ಉಜ್ಜಿ ತೊಳೆದುಕೊಡುತ್ತೇನೆ. ಸಣ್ಣ ಒಲೆಗಳು ಚಹಾ, ಕಾಫಿ, ಮಕ್ಕಳ ಹಾಲಿಗೆ ಸಾಕು.

ಒಲೆಗೂ ಡಬ್ಬಿಗೂ ವಯಸ್ಸಿದೆ. ತಯಾರಾದ ದಿನದಿಂದ ಒಲೆಗೆ ಹತ್ತು ವರ್ಷ, ಡಬ್ಬಿಗೆ ಏಳು ವರ್ಷ ಎಂಬುದು ಜಪಾನಿನ ತಯಾರಕರ ಸಲಹೆ. ಬಳಸದೆ ಇಟ್ಟರೂ ಒಳಗಿನ ರಬ್ಬರಿನ ಬಿಗಿಯುಂಗುರ ಒಣಗಿ ಸೀಳುತ್ತದೆ. ಹತ್ತು ವರ್ಷ ದಾಟಿದ ಒಲೆ ಪಟ್ಟಿಯಲ್ಲಿ ಇರಲಿ, ಇಲ್ಲದಿರಲಿ, ಅದನ್ನು ಶಿಬಿರಕ್ಕೆ ತರುವುದು ಬೇಡ.

ನಿಮ್ಮಲ್ಲಿ ಕೆಲವರು ಒಲೆಗಳನ್ನು ಇಂದೇ ತಂದಿದ್ದೀರಿ ಎಂದು ಕೇಳಿದೆ. ಕಾಫಿ ಆದ ಮೇಲೆ ಆ ಬದಿಯ ಉದ್ದ ಮೇಜಿಗೆ ತನ್ನಿ. ತಳದ ಚೀಟಿಯಲ್ಲಿರುವ ಮಾದರಿಯ ಸಂಖ್ಯೆಯನ್ನು ಹಿಂಪಡೆದವುಗಳ ಪಟ್ಟಿಯ ಜೊತೆ ಒಟ್ಟಿಗೆ ಕೂತು ಹೋಲಿಸೋಣ. ಚೀಟಿ ಅಳಿಸಿಹೋಗಿದ್ದರೆ ಅದನ್ನು ಬದಿಗಿಡೋಣ. ಗ್ಯಾಸ್ ಡಬ್ಬಿಗಳನ್ನು ಕಾರಿನಲ್ಲೇ ಬಿಟ್ಟು ಬಂದಿರುವವರು ದಯವಿಟ್ಟು ಈಗಲೇ ಎದ್ದು ಹೋಗಿ ಅವನ್ನು ಹೊರತೆಗೆದು, ಹಿಂಬದಿಯ ಮರದ ನೆರಳಿನಲ್ಲಿಟ್ಟು ಬನ್ನಿ. ಹೊರಗೆ ಬಿಸಿಲು ಜೋರಾಗಿದೆ. ಕಾಫಿ ಅಷ್ಟು ಹೊತ್ತು ಕಾಯುತ್ತದೆ.