ಗೋಧಿ ಗಿಡ ಉಪ್ಪನ್ನು ಬೇರಿನಲ್ಲೇ ತಡೆಯುವುದು ಹೇಗೆ?

(ಪರದೆಯ ಮೇಲೆ: ಬಿಳಿ ಉಪ್ಪು ಹರಡಿರುವ ಹೊಲ)

ನಮಸ್ಕಾರ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಈ ನೋಟ ಹೊಸದಲ್ಲ. ಸವಳು-ಜವಳು ಭೂಮಿ. ಇಂಥ ಮಣ್ಣಿನಲ್ಲಿ ಎರಡು ಗೋಧಿ ತಳಿ ಬಿತ್ತಿದರೆ ಒಂದು ತೆನೆ ಕಟ್ಟುತ್ತದೆ, ಇನ್ನೊಂದು ಹಳದಿಯಾಗಿ ಸೊರಗಬಹುದು. ಮಣ್ಣೂ ಅದೇ, ನೀರೂ ಅದೇ. ಬೇರೆ ಇರುವುದು ಜೀನ್.

ಉಪ್ಪಿನ ಪೆಟ್ಟು ಎರಡು ಸಲ ಬೀಳುತ್ತದೆ. ಮೊದಲನೆಯದು ತಕ್ಷಣ. ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆಯುವುದೇ ಕಷ್ಟ. ಹೊಲದಲ್ಲಿ ತೇವ ಇದ್ದರೂ ಗಿಡ ಬಾಯಾರಿರುತ್ತದೆ. ಎರಡನೆಯ ಪೆಟ್ಟು ನಿಧಾನ. ನೀರಿನ ಜೊತೆ ಸೋಡಿಯಂ ಎಲೆಗೆ ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸೋಡಿಯಂ ಅಲ್ಲೇ ಉಳಿಯುತ್ತದೆ. ಜೀವಕೋಶಕ್ಕೆ ಬೇಕಾಗಿರುವುದು ಪೊಟ್ಯಾಸಿಯಂ. ಅದರ ಜಾಗಕ್ಕೆ ಸೋಡಿಯಂ ನುಗ್ಗಿದಾಗ ಕೆಲಸ ಕೆಡುತ್ತದೆ. ಹಳೆಯ ಎಲೆಗಳು ಮೊದಲು ಸಾಯುತ್ತವೆ.

ಹಾಗಾದರೆ ಸೋಡಿಯಂ ಎಲೆ ತಲುಪದಂತೆ ನೋಡಿಕೊಳ್ಳಬೇಕು, ಅಲ್ವಾ? ಗೋಧಿಯಲ್ಲಿ ಈ ಕೆಲಸಕ್ಕೆ ಮುಖ್ಯವಾದ ಜೀನ್ ಎಚ್‌ಕೆಟಿ1;5.

(ಪರದೆಯ ಮೇಲೆ: ಬೇರಿನ ಅಡ್ಡ ಸೀಳು, ನಡುವೆ ನೀರಿನ ನಾಳ)

ಬೇರಿನ ನಡುವೆ ನೀರು ಮೇಲೇರುವ ನಾಳಗಳಿವೆ. ಅವುಗಳ ಸುತ್ತಲಿನ ಕೋಶಗಳ ಪೊರೆಯಲ್ಲಿ ಈ ಜೀನ್ ಮಾಡಿದ ಪ್ರೋಟೀನ್ ಕೂತಿರುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಹರಿಯುವ ನೀರಿನಿಂದ ಸೋಡಿಯಂ ಆರಿಸಿ ಬೇರಿನ ಕೋಶಕ್ಕೇ ವಾಪಸ್ ಹಾಕುತ್ತದೆ. ಪೊಟ್ಯಾಸಿಯಂ ಮೇಲಕ್ಕೆ ಹೋಗುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಕೆಲಸ ನಡೆಯುವ ಜಾಗ. ಅದೇ ಜೀನ್ ಬೇರಿನ ಈ ಕೋಶಗಳಲ್ಲಿ ಕೆಲಸ ಮಾಡದಿದ್ದರೆ ಎಲೆಗೆ ರಕ್ಷಣೆ ಸಿಗುವುದಿಲ್ಲ.

ಚಪಾತಿ ಗೋಧಿಯಲ್ಲಿ 42 ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ವರ್ಣತಂತು. ಎ, ಬಿ, ಡಿ ಅಂತ ಮೂರು ಗುಂಪು. ಸೋಡಿಯಂ ತಡೆಯುವ ಈ ಜೀನ್ ಇರುವುದು ಡಿ ಗುಂಪಿನಲ್ಲಿ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರ ಕೆಲಸ ತಗ್ಗಿಸಿದಾಗ ಎಲೆಯಲ್ಲಿ ಸೋಡಿಯಂ ಏರಿತು. ಪಾಸ್ತಾಕ್ಕೆ, ರವೆಗೆ ಬಳಸುವ ಡ್ಯೂರಮ್ ಗೋಧಿಯಲ್ಲಿ 28 ಕ್ರೋಮೋಸೋಮ್ ಮಾತ್ರ. ಡಿ ಗುಂಪೇ ಇಲ್ಲ. ಹಾಗಾಗಿ ಅದಕ್ಕೆ ಉಪ್ಪು ಬೇಗ ತಟ್ಟುತ್ತದೆ. ನಮ್ಮ ಉತ್ತರ ಕರ್ನಾಟಕದ ಜವೆ ಗೋಧಿಯೂ 28ರ ಗುಂಪಿನದೇ.

ಡ್ಯೂರಮ್‌ಗೆ ಆ ಜೀನ್ ಎಲ್ಲಿಂದ ತರುವುದು? ಉತ್ತರ ಹಳೆಯ ನೆಂಟನ ಹತ್ತಿರ ಇತ್ತು. ಐನ್‌ಕಾರ್ನ್ ಅನ್ನುವ ಪ್ರಾಚೀನ ಗೋಧಿ. ಆಸ್ಟ್ರೇಲಿಯಾದಲ್ಲಿ ತುಕ್ಕು ರೋಗ ತಡೆಯುವ ಗುಣಕ್ಕಾಗಿ ಇದನ್ನು ಡ್ಯೂರಮ್ ಜೊತೆ ಸಂಕರ ಮಾಡಿದ್ದರು. ಆ ಸಂಕರದಲ್ಲಿ ಯಾರೂ ಕೇಳದೇ ಇದ್ದ ಎರಡು ಜೀನ್‌ಗಳೂ ಬಂದಿದ್ದವು. ಮುಂದೆ ಆಸ್ಟ್ರೇಲಿಯಾದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ರಾಣಾ ಮನ್ಸ್ ಅವರ ತಂಡ ಉಪ್ಪು ತಡೆಯುವ ತಳಿ ಹುಡುಕುವಾಗ ಇದೇ ಸಂಕರದ ಗೋಧಿ ಕಣ್ಣಿಗೆ ಬಿತ್ತು. ಆ ಎರಡು ಜೀನ್ ಇರುವ ಜಾಗಗಳಿಗೆ ನ್ಯಾಕ್ಸ್1, ನ್ಯಾಕ್ಸ್2 ಅಂತ ಹೆಸರಿಟ್ಟರು. ನ್ಯಾಕ್ಸ್2ರಲ್ಲಿ ಇದ್ದದ್ದು ಎಚ್‌ಕೆಟಿ1;5ರ ಹಳೆಯ ರೂಪ. 2012ರಲ್ಲಿ ಹೊಲದ ಫಲಿತಾಂಶ ಪ್ರಕಟವಾಯಿತು. ಉಪ್ಪು ಮಣ್ಣಿನಲ್ಲಿ ಈ ಜೀನ್ ಇರುವ ಡ್ಯೂರಮ್ ಶೇ 25ರವರೆಗೆ ಹೆಚ್ಚು ಕಾಳು ಕೊಟ್ಟಿತ್ತು. ಒಳ್ಳೆಯ ಮಣ್ಣಿನಲ್ಲಿ ಇಳುವರಿ ಕಡಿಮೆಯೂ ಆಗಲಿಲ್ಲ. ಇದು ಕುಲಾಂತರಿ ಅಲ್ಲ, ಮಾಮೂಲಿ ಸಂಕರವೇ.

ನಮ್ಮ ದೇಶದಲ್ಲೂ ಇಂಥ ಸಂಪತ್ತಿದೆ. ರಾಜಸ್ಥಾನದ ಪಾಲಿ ಜಿಲ್ಲೆಯ ಕಡೆ ರೈತರು ಉಳಿಸಿಕೊಂಡು ಬಂದ ಖಾರ್ಚಿಯಾ ಗೋಧಿ. ಅದರಿಂದ ಬಂದ ಖಾರ್ಚಿಯಾ 65 ಬಳಸಿ ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣಿನ ಲವಣಾಂಶ ಸಂಶೋಧನಾ ಸಂಸ್ಥೆ ಕೆಆರ್‌ಎಲ್ 1-4 ತಳಿ ತಂದಿತು. ಆ ರೈತರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಒಂದೇ ಜೀನ್ ಸಾಲದು. ಬೇರಿನಿಂದ ಸೋಡಿಯಂ ಹೊರತಳ್ಳುವ ಎಸ್‌ಒಎಸ್1, ಬಂದದ್ದನ್ನು ಕೋಶದ ರಸಕುಹರದಲ್ಲಿ, ಅಂದರೆ ಒಳಗಿನ ಚೀಲದಲ್ಲಿ, ಕೂಡಿಹಾಕುವ ಎನ್‌ಎಚ್‌ಎಕ್ಸ್1, ಹೀಗೆ ಹಲವು ಜೀನ್ ಸೇರಿ ದುಡಿಯುತ್ತವೆ. ನೀರು ನಿಂತು ಬೇರಿಗೆ ಗಾಳಿ ಸಿಗದಿದ್ದರೆ ಇವೂ ಸೋಲುತ್ತವೆ. ಹಾಗಾಗಿ ತಳಿ ಹುಡುಕುವ ಮೊದಲು ಮಣ್ಣು ಪರೀಕ್ಷೆಯ ಚೀಟಿ ನೋಡಿ. ಇಸಿ, ಅಂದರೆ ಮಣ್ಣಿನ ಉಪ್ಪಿನ ಅಳತೆ, 4 ದಾಟಿದ್ದರೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಉಪ್ಪು ತೊಳೆಯಬೇಕು. ಪಿಎಚ್ 8.5 ದಾಟಿ, ಸೋಡಿಯಂ ಪ್ರಮಾಣವೂ ಹೆಚ್ಚಿದ್ದರೆ ಬರೀ ತೊಳೆದರೆ ಆಗುವುದಿಲ್ಲ, ಜಿಪ್ಸಂ ಬೇಕು. ಎಷ್ಟು ಬೇಕು ಅನ್ನುವುದನ್ನು ಪರೀಕ್ಷೆ ಮಾಡಿದವರನ್ನೇ ಕೇಳಿ.