ಟ್ಯಾನಿನ್‌ಗೆ ನಮ್ಮೂರಲ್ಲೂ ಮಾತಿದೆ

ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯೆಲ್ಲ ಈಗ ಅಡಿಕೆ ಸುಗ್ಗಿ. ಮೊನ್ನೆ ಸಂಜೆ ಪಕ್ಕದ ಮನೆ ಹುಡುಗಿ ಪುಸ್ತಕ ಹಿಡಿದುಕೊಂಡು ಬಂದಳು. ಪಿಯುಸಿ ಓದುತ್ತಾಳೆ. "ಅಕ್ಕಾ, ಈ ಟ್ಯಾನಿನ್ ಅಂದ್ರೆ ಎಂತದು?" ಅಂತ ಕೇಳಿದಳು. ಪುಟದ ಮೇಲಿದ್ದ ಅವಳ ಬೆರಳು ನೋಡಿದೆ. ಉಗುರಿನ ಸಂದಿಯೆಲ್ಲ ಕಪ್ಪು. ಹಿಂದಿನ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿದ ಕೈ ಅದು. ಟ್ಯಾನಿನ್ ಅವಳ ಬೆರಳಿಗೇ ಹತ್ತಿತ್ತು. ಅಡಿಕೆಯ ಒಗರಿನ ಅಂಶಕ್ಕೆ ಕತ್ತಿಯ ಕಬ್ಬಿಣ ಸೇರಿದರೆ ಹಾಗೆ ಕಪ್ಪಾಗುತ್ತದೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಹೀಗೇ.

ಅಷ್ಟು ಹತ್ತಿರ ಇರುವುದನ್ನು ಆ ಹುಡುಗಿ ಪರದೇಶದ ವಸ್ತು ಅಂದುಕೊಂಡಿದ್ದಾಳಲ್ಲ, ನನಗೆ ನಿಜಕ್ಕೂ ಬೇಜಾರಾಯಿತು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ನೀರಿಗೆ ನಾವು ಚೊಗರು ಅನ್ನುತ್ತೇವೆ. ಚೆಲ್ಲುವುದಿಲ್ಲ. ಮುಂದಿನ ಅಡಿಕೆಗೆ ಬಣ್ಣ ಬರಲಿ ಅಂತ ಇಟ್ಟುಕೊಳ್ಳುತ್ತೇವೆ. ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗದ ಸಂಘದವರು ಅದರಿಂದ ಬಟ್ಟೆಗೇ ಬಣ್ಣ ಕಟ್ಟುತ್ತಾರೆ. ಪಾಠ ಈ ಹಂಡೆಯಿಂದ ಶುರುವಾಗಬೇಕು ಅನ್ನುವುದು ನನ್ನ ವಾದ.

"ಚೊಗರು ಹಳ್ಳಿ ಮಾತು, ಟ್ಯಾನಿನ್ ವಿಜ್ಞಾನದ ಮಾತು" ಅನ್ನುವವರಿದ್ದಾರೆ. ಟ್ಯಾನಿನ್ ಅನ್ನುವ ಮಾತು ಹುಟ್ಟಿದ್ದೆಲ್ಲಿ? ಫ್ರೆಂಚಿನಲ್ಲಿ ಟಾನ್ ಅಂದರೆ ಚರ್ಮ ಹದ ಮಾಡಲು ಕುಟ್ಟಿಟ್ಟ ಓಕ್ ಮರದ ತೊಗಟೆ. ಚರ್ಮದ ಕೆಲಸದವರ ಮಾತು ಅದು. 18ನೇ ಶತಮಾನದ ಕೊನೆಗೆ ರಸಾಯನ ವಿಜ್ಞಾನಿಗಳು ಅದನ್ನೇ ಎತ್ತಿಕೊಂಡರು. ಅಡಿಕೆಯ ಟ್ಯಾನಿನ್ ಕಟ್ಟುವ ವಸ್ತುವಿಗೆ ಕ್ಯಾಟೆಚಿನ್ ಅನ್ನುತ್ತಾರೆ, ಅದು ಇನ್ನೂ ಹತ್ತಿರದ ಮಾತು. ಆ ಹೆಸರು ಬಂದಿದ್ದು ಕ್ಯಾಟೆಚುವಿನಿಂದ, ಅಂದರೆ ನಾವು ಎಲೆಯಡಿಕೆ ಕವಳಕ್ಕೆ ಹಾಕುವ ಕಾಚಿನಿಂದ!

ಹಾಗಂತ ಚೊಗರು ಅಂದರೆ ಟ್ಯಾನಿನ್ ಅಂತ ಸುಮ್ನೆ ಬರೆದುಬಿಟ್ಟರೆ ಅದೂ ತಪ್ಪೇ. ಚೊಗರು ಒಂದು ನೀರು, ಅದರಲ್ಲಿ ಏನೇನೋ ಇದೆ. ಟ್ಯಾನಿನ್ ಅನ್ನುವುದೂ ಒಂದೇ ವಸ್ತುವಲ್ಲ, ಒಂದು ದೊಡ್ಡ ಕುಟುಂಬ. 1962ರ ಒಂದು ವ್ಯಾಖ್ಯೆ ಈಗಲೂ ಬಳಕೆಯಲ್ಲಿದೆ: ನೀರಿನಲ್ಲಿ ಕರಗಬೇಕು, ಅಣುತೂಕ ಸುಮಾರು 500ರಿಂದ 3000ದ ಒಳಗಿರಬೇಕು, ಪ್ರೋಟೀನನ್ನು ಹಿಡಿದು ಗಸಿಯ ಹಾಗೆ ತಳಕ್ಕೆ ಇಳಿಸಬೇಕು. ಈ ಹಿಡಿಯುವ ಗುಣವೇ ಮುಖ್ಯ. ಚರ್ಮ ಹದವಾಗುವುದು ಅದರಿಂದಲೇ. ಹಸಿ ಅಡಿಕೆ ಕಚ್ಚಿದಾಗ ಜೊಲ್ಲಿನ ಪ್ರೋಟೀನನ್ನು ಅದು ಹಿಡಿದುಕೊಳ್ಳುತ್ತದೆ. ಬಾಯಿಯ ಜಾರುತನ ಹೋಗಿ ನಾಲಿಗೆ ದೊರಗಾಗುತ್ತದೆ. ಅದೇ ಒಗರು. ನೇರಳೆ ಕುಡಿಯನ್ನು ಹಾಗೇ ಅಗಿದು ನೋಡಿ, ಆಮೇಲೆ ಅದರ ತಂಬುಳಿ ಕುಡಿದು ನೋಡಿ. ಮಜ್ಜಿಗೆಯ ಪ್ರೋಟೀನು ಲೋಟದಲ್ಲೇ ಟ್ಯಾನಿನ್ನಿಗೆ ಸಿಕ್ಕಿರುತ್ತದೆ, ನಮ್ಮ ನಾಲಿಗೆ ಬಚಾವ್. ಚಹಾಕ್ಕೆ ಹಾಲು ಹಾಕಿದಾಗ ಆಗುವುದೂ ಇದೇ.

ಚಹಾ ಅಂದಾಗ ಒಂದು ಮಾತು. ಅದರಲ್ಲಿ ಟ್ಯಾನಿಕ್ ಆಮ್ಲ ಇದೆ ಅಂತ ಜಾಸ್ತಿ ಜನ ಹೇಳುತ್ತಾರೆ. ಚಹಾದ ಒಗರು ಮುಖ್ಯವಾಗಿ ಕ್ಯಾಟೆಚಿನ್ ಬಳಗದ್ದು. ಟ್ಯಾನಿಕ್ ಆಮ್ಲ ಈ ಕುಟುಂಬದ ಬೇರೆಯೇ ಕವಲು, ಗ್ಯಾಲಿಕ್ ಆಮ್ಲದಿಂದ ಆದದ್ದು. ಮನೆತನದ ಹೆಸರನ್ನು ಒಬ್ಬರಿಗೇ ಕೊಡಬಾರದು ಅಲ್ವಾ?

ಹುಡುಗಿಗೆ ಇಷ್ಟನ್ನೂ ಹೇಳಿದೆ. "ಓ, ಚೊಗರಲ್ಲಿ ಒಗರು ಮಾಡದು ಇದೇಯಾ!" ಅಂದಳು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಹಾಗೇ ಬರೆದುಕೊಂಡಳು. ಆಮೇಲೆ ಕೇಳಿದಳು, "ಪರೀಕ್ಷೇಲಿ ಹೀಗೆ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಅಕ್ಕಾ?"

ಪೇಪರ್ ತಿದ್ದುವ ಮೇಷ್ಟ್ರುಗಳೇ, ಟೀಚರ್‌ಗಳೇ, ಇದಕ್ಕೆ ನೀವೇ ಉತ್ತರ ಹೇಳಬೇಕು.