ವಾಯಿದೆಯ ಲೆಕ್ಕ ಹಾಕಿದ ನ್ಯಾಯಮೂರ್ತಿ

ಕೇಳುಗರಿಗೆ ನಮಸ್ಕಾರ.

'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ.' ಈ ಗಾದೆಯನ್ನು ನೀವೂ ಕೇಳಿರುತ್ತೀರಿ. ಹೊಲದ ಬದುವಿಗಾಗಿ ದಾವೆ ಹೂಡಿದವರನ್ನು ಕೇಳಿ ನೋಡಿ. ವಕೀಲರ ಫೀಸು, ಕೋರ್ಟ್ ಶುಲ್ಕ, ಬಸ್ ಚಾರ್ಜು, ಜೊತೆಗೆ ಆ ದಿನದ ಕೂಲಿಯೂ ಹೋಯಿತು. ಇಷ್ಟಾಗಿ ಕೈಗೆ ಸಿಕ್ಕಿದ್ದು? ಮುಂದಿನ ವಾಯಿದೆ!

ಈ ಖರ್ಚಿನ ಬಗ್ಗೆ ತಲೆ ಕೆಡಿಸಿಕೊಂಡ ನ್ಯಾಯಮೂರ್ತಿ ಒಬ್ಬರಿದ್ದರು. ಪಿ. ಎನ್. ಭಗವತಿ. 1960ರಲ್ಲಿ ಗುಜರಾತ್ ಹೈಕೋರ್ಟಿನ ನ್ಯಾಯಮೂರ್ತಿಯಾದರು, 1967ರಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿ. ಬಡವರಿಗೆ ಕಾನೂನು ನೆರವು ಹೇಗೆ ಕೊಡಬೇಕು ಎಂದು ಯೋಚಿಸಲು ಗುಜರಾತ್ ಸರ್ಕಾರ ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರು. ಬಡವರು ಬರಲಿ ಎಂದು ಕೋರ್ಟು ಕಾಯುತ್ತಾ ಕೂರಬಾರದು, ಕಾನೂನೇ ಅವರ ಊರಿಗೆ ಹೋಗಬೇಕು ಎಂಬುದು ಅವರ ಹಟ. 1973ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಮೇಲೂ ಹಟ ಬಿಡಲಿಲ್ಲ. 1982ರಲ್ಲಿ ಗುಜರಾತಿನ ಜುನಾಗಢದಲ್ಲಿ ಲೋಕ ಅದಾಲತ್ ಶುರುವಾಯಿತು. ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಮಾತಾಡಿಸುವುದು, ರಾಜಿಯಾದರೆ ಅಲ್ಲೇ ಮುಗಿಸುವುದು. ನಮ್ಮ ಊರಿನ ಪಂಚಾಯಿತಿ ಕಟ್ಟೆ ನೆನಪಾಗುತ್ತದೆ, ಅಲ್ವಾ?

ಅವರನ್ನು ಸುಮ್ನೆ ಹೊಗಳಲು ನನಗೆ ಮನಸ್ಸಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ವಿಚಾರಣೆಯಿಲ್ಲದೆ ಜೈಲಿಗೆ ಹೋದವರಿಗೆ ಕೋರ್ಟಿನ ಬಾಗಿಲು ಮುಚ್ಚಿದ ತೀರ್ಪಿನಲ್ಲಿ ಇವರೂ ಇದ್ದರು. ಎಷ್ಟೋ ವರ್ಷಗಳ ನಂತರ ಅದು ತಪ್ಪಾಯಿತೆಂದು ಒಪ್ಪಿಕೊಂಡರು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ನಿಮ್ಮ ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿ ಇದರದೇ ಕೂಸು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೇಳಬಹುದು. ಇದು ಗೊತ್ತಿಲ್ಲದೆ ಒಡವೆ ಅಡವಿಟ್ಟು ಫೀಸು ಕಟ್ಟುವವರೇ ಜಾಸ್ತಿ.

ಕೋರ್ಟಿನಲ್ಲಿರುವ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಆದರೆ ಆ ರಾಜಿಯ ಮೇಲೆ ಅಪೀಲು ಇಲ್ಲ. ಹಾಗಾಗಿ ಸಾಕಪ್ಪಾ ಸಾಕು ಎಂಬ ಬೇಸರಕ್ಕೆ ರುಜು ಹಾಕಬೇಡಿ. ಓದಿಸಿ ಕೇಳಿ. ಒಪ್ಪಿಗೆಯಾಗದಿದ್ದರೆ ಬೇಡ ಎನ್ನಿ, ದಾವೆ ಮತ್ತೆ ಅದೇ ಕೋರ್ಟಿಗೆ ಹೋಗುತ್ತದೆ. ಅನುಮಾನ ಬಂದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ನಮಸ್ಕಾರ.